ವಿಂಗರ್ ಯಾಕೆ ಬೆಂಚಿಗೆ ಹೋಗುತ್ತಾನೆ?

ಫುಟ್‌ಬಾಲ್ ತಂಡದ ಪಟ್ಟಿಯಲ್ಲಿ ವಿಂಗರ್‌ನ, ಅಂದರೆ ಮೈದಾನದ ಬದಿಯ ಗೆರೆ ಹಿಡಿದು ದಾಳಿ ಮಾಡುವವನ, ಹೆಸರು ಕಾಣದಿದ್ದರೆ ಮೈದಾನದ ಸುತ್ತ ಒಂದೇ ಮಾತು: "ಕೋಚ್‌ಗೂ ಅವನಿಗೂ ಆಗಿಬರುವುದಿಲ್ಲ." ಮ್ಯಾಂಚೆಸ್ಟರ್‌ನ ಸುದ್ದಿಯಾದರೂ ಅಷ್ಟೇ, ಸುಂಟಿಕೊಪ್ಪದ ಗೋಲ್ಡ್ ಕಪ್ ಆದರೂ ಅಷ್ಟೇ, ಅಮ್ಮತ್ತಿಯಲ್ಲೋ ಸಿದ್ದಾಪುರದಲ್ಲೋ ಸಂಜೆ ನಡೆಯುವ ಪಂದ್ಯವಾದರೂ ಅಷ್ಟೇ. ಆಗಿಬರುವುದಿಲ್ಲ ಎನ್ನುವುದು ನಿಜವೇ ಇರಬಹುದು. ಆದರೆ ಅದು ಕಡೆಯಲ್ಲಿ ಬಂದು ಸೇರಿಕೊಂಡದ್ದು. ಅದಕ್ಕೂ ಮುಂಚಿನ ನಾಲ್ಕೈದು ಪಂದ್ಯಗಳಲ್ಲಿ ಏನೋ ನಡೆದಿರುತ್ತದೆ, ಅದೂ ಚೆಂಡು ಎದುರಾಳಿಯ ಕಾಲಲ್ಲಿದ್ದಾಗ. ನಾವು ನೋಡುವವರು ಚೆಂಡಿನ ಹಿಂದೆಯೇ ಕಣ್ಣು ಓಡಿಸುತ್ತೇವೆ. ವಿಂಗರ್ ಆಗ ಎಲ್ಲಿದ್ದ ಎಂದು ನೋಡುವುದಿಲ್ಲ. ಇವತ್ತು ಅಲ್ಲಿಂದಲೇ ಶುರು ಮಾಡೋಣ.

ಒಂದು ಸನ್ನಿವೇಶ ಕಣ್ಣಮುಂದೆ ತಂದುಕೊಳ್ಳಿ. ನಮ್ಮದು 4-4-2: ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು. ಬಲ ವಿಂಗರ್ ಬದಿಯಿಂದ ಗೋಲಿನ ಮುಂದಕ್ಕೆ ಕ್ರಾಸ್ ಹಾಕಿದ, ಎದುರಾಳಿ ಗೋಲ್‌ಕೀಪರ್ ಸುಲಭವಾಗಿ ಹಿಡಿದ. ಅವರ ಎಡ ಫುಲ್‌ಬ್ಯಾಕ್ (ಬದಿ ಕಾಯುವ ಡಿಫೆಂಡರ್) ಆಗಲೇ ಮುಂದಕ್ಕೆ ಓಟ ಕಿತ್ತಿದ್ದಾನೆ. ನಮ್ಮವನು ಕ್ರಾಸ್ ಹಾಳಾಯಿತಲ್ಲ ಎಂದು ಸೊಂಟಕ್ಕೆ ಕೈಯಿಟ್ಟು ಎರಡು ಸೆಕೆಂಡ್ ನಿಂತ. ಆ ಎರಡು ಸೆಕೆಂಡಿನಲ್ಲಿ ವೇಗ ಹಿಡಿದ ಫುಲ್‌ಬ್ಯಾಕ್ 12ರಿಂದ 15 ಮೀಟರ್ ದಾಟಿಬಿಡುತ್ತಾನೆ. ಗೋಲ್‌ಕೀಪರ್ ಎಸೆದ ಚೆಂಡು ಮಧ್ಯದಿಂದ ಅವರ ಎಡ ವಿಂಗರ್‌ಗೆ ಬಂತು. ಈಗ ನಮ್ಮ ಬಲ ಫುಲ್‌ಬ್ಯಾಕ್ ಒಬ್ಬನೇ, ಎದುರಿಗೆ ಇಬ್ಬರು. ಚೆಂಡಿರುವವನ ಮೇಲೆ ಹೋದರೆ ಟಚ್‌ಲೈನ್ (ಬದಿಯ ಗೆರೆ) ಪಕ್ಕದಲ್ಲಿ ಓವರ್‌ಲ್ಯಾಪ್ ಮಾಡಿ, ಅಂದರೆ ಹೊರಗಿನಿಂದ ಸುತ್ತಿ ಮುಂದಕ್ಕೆ ಬಂದವನು ಖಾಲಿ ಸಿಗುತ್ತಾನೆ. ಬರುವವನನ್ನು ಕಾದು ನಿಂತರೆ ಚೆಂಡಿರುವವನು ಒಳಕ್ಕೆ ತಿರುಗುತ್ತಾನೆ. ಸೆಂಟರ್‌ಬ್ಯಾಕ್ ಸಹಾಯಕ್ಕೆ ಸರಿದರೆ ಪೆನಾಲ್ಟಿ ಬಾಕ್ಸ್‌ನ ನಡು ಬಯಲಾಗುತ್ತದೆ. ಕ್ರಾಸ್, ಹೆಡರ್, ಗೋಲು. ನೋಡಿದವರೆಲ್ಲ ಫುಲ್‌ಬ್ಯಾಕ್‌ನನ್ನು ಬೈಯುತ್ತಾರೆ. ವಿಡಿಯೊವನ್ನು ಹಿಂದಕ್ಕೆ ಓಡಿಸಿ ನೋಡುವ ಕೋಚ್‌ಗೆ ಮಾತ್ರ ಸೊಂಟದ ಮೇಲಿನ ಆ ಕೈ ಕಾಣುತ್ತದೆ.

ಒಮ್ಮೆ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪಂದ್ಯ ಪಂದ್ಯದಲ್ಲೂ ಆದರೆ ಫುಲ್‌ಬ್ಯಾಕ್ ಮುಂದೆ ಹೋಗುವುದನ್ನೇ ನಿಲ್ಲಿಸುತ್ತಾನೆ. ಆಗ ವಿಂಗರ್‌ಗೆ ಹಿಂದಿನಿಂದ ಪಾಸ್ ಬರುವುದಿಲ್ಲ, ಇಬ್ಬರು ಡಿಫೆಂಡರ್‌ಗಳ ನಡುವೆ ಒಂಟಿಯಾಗಿ ಸಿಕ್ಕಿಕೊಳ್ಳುತ್ತಾನೆ, ಡ್ರಿಬಲ್ ಮಾಡಲು ಹೋಗಿ ಚೆಂಡು ಕಳೆದುಕೊಳ್ಳುತ್ತಾನೆ. ಫಾರ್ಮ್ ಹೋಯಿತು ಎನ್ನುತ್ತೇವೆ. ಕಾಲಿನ ಕೈಚಳಕ ಎಲ್ಲಿಗೂ ಹೋಗಿರುವುದಿಲ್ಲ, ಅವನ ಬೆನ್ನಿಗೆ ನಿಲ್ಲುತ್ತಿದ್ದವನು ಹಿಂದೆ ಸರಿದಿದ್ದಾನೆ ಅಷ್ಟೆ.

ಹಾಗಂತ ವಿಂಗರ್ ಹಿಂದಕ್ಕೆ ಓಡಿ ಬರಲೇಬೇಕು ಎಂಬ ಕಟ್ಟಳೆ ಎಲ್ಲೂ ಇಲ್ಲ. ಕೆಲವು ಕೋಚ್‌ಗಳು ಬೇಕೆಂದೇ ಅವನನ್ನು ಮೇಲೆ ಬಿಡುತ್ತಾರೆ. ಚೆಂಡು ಸಿಕ್ಕ ಕೂಡಲೇ ಎದುರಾಳಿಯ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಅವನನ್ನು ಓಡಿಸಬೇಕು ಎಂಬುದು ಲೆಕ್ಕ. ಆಗ ಅವನ ಪಾಲಿನ ಓಟವನ್ನು ಪಕ್ಕದ ಮಿಡ್‌ಫೀಲ್ಡರ್ ಓಡುತ್ತಾನೆ. ಅಂದರೆ ಇದು ಕೋಚ್ ಕೊಡುವ ರಿಯಾಯಿತಿ, ಇನ್ನೊಬ್ಬ ಆಟಗಾರನ ಖರ್ಚಿನಲ್ಲಿ. ವಿಂಗರ್ ತಾನಾಗಿಯೇ ಈ ರಿಯಾಯಿತಿ ತೆಗೆದುಕೊಂಡರೆ ಅಲ್ಲಿ ತಕರಾರು ಶುರು.

ಲಿವರ್‌ಪೂಲ್‌ನ ಮೊಹಮ್ಮದ್ ಸಲಾಹ್‌ಗೆ 2024-25ರಲ್ಲಿ ಕೋಚ್ ಆರ್ನೆ ಸ್ಲಾಟ್ ಇದೇ ರಿಯಾಯಿತಿ ಕೊಟ್ಟಿದ್ದರು. ರಕ್ಷಣೆಯ ಹೊರೆ ಕಡಿಮೆ ಮಾಡಿ, ಗೋಲಿನ ಹೊಣೆ ನನ್ನದು ಎಂದು ತಾನೇ ಕೇಳಿಕೊಂಡಿದ್ದಾಗಿ ಸಲಾಹ್ ಹೇಳಿದ್ದರು. ಆ ವರ್ಷದ ಲೀಗ್‌ನಲ್ಲಿ 29 ಗೋಲು, 18 ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್), ಲಿವರ್‌ಪೂಲ್ ಚಾಂಪಿಯನ್. ಯಾರೂ ಚಕಾರ ಎತ್ತಲಿಲ್ಲ. ಮರುವರ್ಷ ಗೋಲು ಕಡಿಮೆಯಾಯಿತು, ತಂಡ ಸೋಲತೊಡಗಿತು, ಅದೇ ರಿಯಾಯಿತಿ ದುಬಾರಿಯಾಗಿ ಕಂಡಿತು. 2025ರ ನವೆಂಬರ್ ಕೊನೆಯಿಂದ ಸತತ ಮೂರು ಲೀಗ್ ಪಂದ್ಯಗಳಲ್ಲಿ ಬೆಂಚು. ಡಿಸೆಂಬರ್ 6ರಂದು ಲೀಡ್ಸ್ ಎದುರಿನ 3-3 ಡ್ರಾದಲ್ಲಿ ಒಂದು ನಿಮಿಷವೂ ಆಡಿಸಲಿಲ್ಲ. ಪಂದ್ಯ ಮುಗಿದ ಮೇಲೆ, ಎಲ್ಲ ತಪ್ಪನ್ನೂ ನನ್ನ ತಲೆಗೆ ಕಟ್ಟುತ್ತಿದ್ದಾರೆ ಎಂಬರ್ಥದಲ್ಲಿ ಸಲಾಹ್ ವರದಿಗಾರರ ಮುಂದೆ ಮಾತಾಡಿದರು. ಮುಂದಿನ ಪಂದ್ಯಕ್ಕೆ ಇಟಲಿಗೆ ಹೋದ ತಂಡದಲ್ಲಿ ಅವರ ಹೆಸರಿರಲಿಲ್ಲ. ಡಿಸೆಂಬರ್ 13ರಂದು ಬ್ರೈಟನ್ ಎದುರು ಸಬ್ (ಬದಲಿ ಆಟಗಾರ) ಆಗಿ ಮರಳಿದರು. ಮನಸ್ತಾಪದ ಮಾತು ಕೇಳಿಬಂದದ್ದು ಡಿಸೆಂಬರ್ 6ರಂದು. ಅದರ ಬೀಜ ಇದ್ದದ್ದು ಒಂದು ವರ್ಷ ಹಿಂದಿನ ಒಪ್ಪಂದದಲ್ಲಿ: ಗೋಲು ಬರದಿದ್ದರೆ ಏನು ಮಾಡುವುದು ಎಂಬ ಪ್ರಶ್ನೆಗೆ ಆ ಒಪ್ಪಂದದಲ್ಲಿ ಉತ್ತರ ಇರಲಿಲ್ಲ.

ಎರಡನೆಯ ಕಾರಣ ತಂಡದ ರಚನೆ. ಇದರಲ್ಲಿ ಆಟಗಾರನ ತಪ್ಪೇ ಇರುವುದಿಲ್ಲ, ಅದಕ್ಕೇ ಹೆಚ್ಚು ನೋಯಿಸುತ್ತದೆ. 1966ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಮ್ಯಾನೇಜರ್ ಆಲ್ಫ್ ರ‍್ಯಾಮ್ಸಿ ಗುಂಪು ಹಂತದ ಮೂರು ಪಂದ್ಯಗಳಲ್ಲಿ ಮೂವರು ವಿಂಗರ್‌ಗಳನ್ನು ಆಡಿಸಿ ನೋಡಿದರು: ಉರುಗ್ವೆ ಎದುರು ಜಾನ್ ಕಾನೆಲಿ, ಮೆಕ್ಸಿಕೊ ಎದುರು ಟೆರಿ ಪೇಯ್ನ್, ಫ್ರಾನ್ಸ್ ಎದುರು ಇಯಾನ್ ಕ್ಯಾಲಹನ್. ಕ್ವಾರ್ಟರ್‌ಫೈನಲ್‌ನಿಂದ ಫೈನಲ್‌ವರೆಗೆ ವಿಂಗರೇ ಇಲ್ಲ. ಅಲನ್ ಬಾಲ್, ಮಾರ್ಟಿನ್ ಪೀಟರ್ಸ್ ಅವರಂಥ ಓಡಾಡುವ ಮಿಡ್‌ಫೀಲ್ಡರ್‌ಗಳೇ ಬದಿಗಳನ್ನೂ ನೋಡಿಕೊಂಡರು, ಕಪ್ ಗೆದ್ದರು. ಆಗಿನ ವಿಶ್ವಕಪ್‌ನಲ್ಲಿ ಸಬ್ ಎಂಬುದೇ ಇರಲಿಲ್ಲ, ಅದು ಬಂದದ್ದು 1970ರಲ್ಲಿ. ಹಾಗಾಗಿ ಆ ಮೂವರಿಗೂ ಆ ಟೂರ್ನಿಯಲ್ಲಿ ಮತ್ತೆ ಮೈದಾನ ಸಿಗಲಿಲ್ಲ.

ಹಾಕಿ ನೋಡುತ್ತಾ ಬೆಳೆದ ನಮ್ಮ ಕೊಡಗಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಐದು ಫಾರ್ವರ್ಡ್‌ಗಳಿದ್ದ ಕಾಲದಲ್ಲಿ ಲೆಫ್ಟ್ ಔಟ್, ರೈಟ್ ಔಟ್ ಎಂದರೆ ಗೆರೆಗೆ ಅಂಟಿಕೊಂಡು ಓಡುವ ಹುಡುಗರು. ಈಗಿನ ಪಟ್ಟಿಯಲ್ಲಿ ಆ ಹೆಸರುಗಳಿಲ್ಲ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಬದಿಯಿಂದ ಓಡುವುದನ್ನು ನೋಡಿದವರಿಗೆ ಗೊತ್ತು, ಆ ವೇಗದ ಬೆಲೆ ಇವತ್ತಿಗೂ ಕಡಿಮೆಯಾಗಿಲ್ಲ, ಆದರೆ ಅದರ ಜೊತೆ ಹಿಂದೆ ಬಂದು ಚೆಂಡು ಕಸಿಯುವ ಕೆಲಸವೂ ಸೇರಿಕೊಂಡಿದೆ. ಹಾಕಿಗೆ ಒಂದು ಅನುಕೂಲ ಇದೆ: ಆಟಗಾರನನ್ನು ಹೊರಗೆ ಕರೆದು ತಿದ್ದಿ ಮತ್ತೆ ಒಳಗೆ ಬಿಡಬಹುದು. ದೊಡ್ಡ ಫುಟ್‌ಬಾಲ್‌ನಲ್ಲಿ ಹೊರಗೆ ಬಂದವನ ಪಂದ್ಯ ಅಲ್ಲಿಗೇ ಮುಗಿಯಿತು. 60ನೇ ನಿಮಿಷಕ್ಕೆ ವಿಂಗರ್‌ನನ್ನು ತೆಗೆಯುವುದು ಇಷ್ಟೊಂದು ಅವಮಾನದಂತೆ ಕಾಣಲು ಅದೂ ಒಂದು ಕಾರಣ.

ಮತ್ತೆ ರಚನೆಗೆ ಬರುತ್ತೇನೆ. ಮೂವರು ಸೆಂಟರ್‌ಬ್ಯಾಕ್‌ಗಳ 3-4-2-1 ಆಡಿಸುವ ತಂಡದಲ್ಲಿ ಬದಿಯ ಗೆರೆ ಪೂರ್ತಿ ವಿಂಗ್‌ಬ್ಯಾಕ್‌ಗೆ ಸೇರಿದ್ದು, ಅಲ್ಲಿ ದಾಳಿ, ರಕ್ಷಣೆ ಎರಡೂ ಅವನೊಬ್ಬನದೇ. ಮುಂದಿನ ಇಬ್ಬರು ಒಳಗೆ, ಎದುರಾಳಿಯ ಸೆಂಟರ್‌ಬ್ಯಾಕ್ ಮತ್ತು ಮಿಡ್‌ಫೀಲ್ಡ್ ನಡುವೆ ನಿಂತು, ಗೋಲಿಗೆ ಬೆನ್ನು ಹಾಕಿ ಚೆಂಡು ಪಡೆಯಬೇಕು. ಗೆರೆಯ ಪಕ್ಕ ಮುಖ ಮುಂದಕ್ಕಿಟ್ಟು ಚೆಂಡು ಪಡೆದು ಅಭ್ಯಾಸವಾದವನಿಗೆ ಇದು ಬೇರೆಯೇ ಕೆಲಸ. ರೂಬೆನ್ ಅಮೊರಿಮ್ 2024ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದು ಈ ರಚನೆ ತಂದಾಗ ಅಲ್ಲಿದ್ದ ವಿಂಗರ್‌ಗಳಿಗೆ ಆದದ್ದು ಇದೇ. ಡಿಸೆಂಬರ್ 15ರಂದು ಮ್ಯಾಂಚೆಸ್ಟರ್ ಸಿಟಿ ಎದುರಿನ ಪಂದ್ಯಕ್ಕೆ ಮಾರ್ಕಸ್ ರ‍್ಯಾಶ್‌ಫರ್ಡ್, ಅಲೆಹಾಂಡ್ರೊ ಗಾರ್ನಾಚೊ ಇಬ್ಬರನ್ನೂ ಕೈಬಿಟ್ಟರು, ಯುನೈಟೆಡ್ 2-1ರಿಂದ ಗೆದ್ದಿತು. ಗಾರ್ನಾಚೊ ಬೇಗ ಮರಳಿದ. ರ‍್ಯಾಶ್‌ಫರ್ಡ್ ವಿಷಯದಲ್ಲಿ ಅಮೊರಿಮ್, ದಿನವೂ ಪೂರ್ತಿ ಶ್ರಮ ಹಾಕದವನಿಗಿಂತ 63 ವರ್ಷದ ಗೋಲ್‌ಕೀಪಿಂಗ್ ಕೋಚ್‌ನನ್ನೇ ಬೆಂಚಿನಲ್ಲಿ ಕೂರಿಸುತ್ತೇನೆ ಎಂದುಬಿಟ್ಟರು. ರ‍್ಯಾಶ್‌ಫರ್ಡ್ 2025ರ ಫೆಬ್ರುವರಿಯಲ್ಲಿ ಲೋನ್ ಮೇಲೆ (ತಾತ್ಕಾಲಿಕವಾಗಿ) ಆಸ್ಟನ್ ವಿಲ್ಲಾಗೆ, ಆಮೇಲೆ ಬಾರ್ಸಿಲೋನಾಗೆ ಹೋದ. ಗಾರ್ನಾಚೊ ಆ ಆಗಸ್ಟ್‌ನಲ್ಲಿ ಚೆಲ್ಸಿಗೆ. ಶ್ರಮದ ಪ್ರಶ್ನೆ ಎಷ್ಟು, ರಚನೆಯ ಪ್ರಶ್ನೆ ಎಷ್ಟು ಎಂದು ಹೊರಗಿನಿಂದ ಅಳೆಯಲಾಗದು. ಆದರೆ ಎರಡೂ ಒಟ್ಟಿಗೆ ಬಂದಾಗ ಮಾತು ಶ್ರಮದ ಬಗ್ಗೆ ಮಾತ್ರ ಆಗುತ್ತದೆ. ಇದು ನ್ಯಾಯವಲ್ಲ ಎಂದೇ ನಾನು ಹೇಳುತ್ತೇನೆ. ನಿನ್ನ ಜಾಗವೇ ಈ ರಚನೆಯಲ್ಲಿಲ್ಲ ಎಂದು ಮೊದಲ ವಾರವೇ ಹೇಳಿದರೆ ಆಟಗಾರ ಒಂದೋ ಹೊಸ ಕೆಲಸ ಕಲಿಯುತ್ತಾನೆ, ಇಲ್ಲವೇ ಬೇರೆ ತಂಡ ನೋಡಿಕೊಳ್ಳುತ್ತಾನೆ.

ಮಾತು ಹೊರಗೆ ಬಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಯುನೈಟೆಡ್‌ನ ವಿಂಗರ್ ಆಗಿದ್ದ ಜೇಡನ್ ಸ್ಯಾಂಚೊ ಪ್ರಕರಣವನ್ನು ದಿನಾಂಕ ಹಿಡಿದು ನೋಡಿ. 2023ರ ಸೆಪ್ಟೆಂಬರ್ 3. ಆರ್ಸೆನಲ್ ಎದುರು ಯುನೈಟೆಡ್ 3-1ರಿಂದ ಸೋತಿತು, ಸ್ಯಾಂಚೊ ತಂಡದಲ್ಲೇ ಇರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಮ್ಯಾನೇಜರ್ ಎರಿಕ್ ಟೆನ್ ಹಾಗ್, ಅಭ್ಯಾಸದಲ್ಲಿ ಅವನ ಮಟ್ಟ ನೋಡಿ ಆಯ್ಕೆ ಮಾಡಲಿಲ್ಲ ಎಂದರು. ಅದೇ ದಿನ ಸ್ಯಾಂಚೊ ಸಾಮಾಜಿಕ ಜಾಲತಾಣದಲ್ಲಿ, ಇದು ಸುಳ್ಳು, ಬಹಳ ದಿನದಿಂದ ನನ್ನನ್ನೇ ಬಲಿಪಶು ಮಾಡುತ್ತಿದ್ದಾರೆ ಎಂದು ಬರೆದ. ಹನ್ನೊಂದು ದಿನದ ನಂತರ ಕ್ಲಬ್, ಶಿಸ್ತಿನ ವಿಷಯ ಇತ್ಯರ್ಥವಾಗುವವರೆಗೆ ಅವನು ಮುಖ್ಯ ತಂಡದಿಂದ ದೂರ, ಬೇರೆಯಾಗಿ ಅಭ್ಯಾಸ ಮಾಡುತ್ತಾನೆ ಎಂದು ಪ್ರಕಟಿಸಿತು. 2024ರ ಜನವರಿಯವರೆಗೂ ಯುನೈಟೆಡ್ ಪರ ಮತ್ತೆ ಆಡಲಿಲ್ಲ. ಲೋನ್ ಮೇಲೆ ಹಳೆಯ ಕ್ಲಬ್ ಡಾರ್ಟ್‌ಮುಂಡ್‌ಗೆ ಹೋದವನು ಜೂನ್ 1ರಂದು ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ. ನಾಲ್ಕು ತಿಂಗಳು ಮೂಲೆಯಲ್ಲಿದ್ದವನು ಐದು ತಿಂಗಳಲ್ಲಿ ಯುರೋಪಿನ ಅತಿ ದೊಡ್ಡ ಪಂದ್ಯದಲ್ಲಿ! ಆಟ ಅವನಲ್ಲಿ ಇದ್ದೇ ಇತ್ತು ಅಂತಾಯಿತಲ್ಲ. ಯುನೈಟೆಡ್ 2021ರಲ್ಲಿ ಅವನಿಗೆ ಕೊಟ್ಟದ್ದು 73 ಮಿಲಿಯನ್ ಪೌಂಡ್.

ಇದರ ಪಕ್ಕದಲ್ಲಿ ಡೇವಿಡ್ ಬೆಕ್ಹ್ಯಾಮ್‌ನ 2007ನೇ ವರ್ಷವನ್ನಿಟ್ಟು ನೋಡಿ. ಜನವರಿಯಲ್ಲಿ ಅಮೆರಿಕದ ಕ್ಲಬ್‌ಗೆ ಹೋಗುವ ಒಪ್ಪಂದ ಪ್ರಕಟವಾಯಿತು. ರಿಯಲ್ ಮ್ಯಾಡ್ರಿಡ್ ಕೋಚ್ ಫ್ಯಾಬಿಯೊ ಕಪೆಲೊ, ಇನ್ನು ಅವನು ನಮ್ಮ ಪರ ಆಡುವುದಿಲ್ಲ, ಅಭ್ಯಾಸ ಮಾತ್ರ ಮಾಡಬಹುದು ಎಂದು ಬಹಿರಂಗವಾಗಿಯೇ ಹೇಳಿದರು. ಬೆಕ್ಹ್ಯಾಮ್ ಜಗಳಕ್ಕೆ ಇಳಿಯದೆ ಅಭ್ಯಾಸಕ್ಕೆ ಹೋಗುತ್ತಲೇ ಇದ್ದ. ಫೆಬ್ರುವರಿ 10ರಂದು ರಿಯಲ್ ಸೊಸೀಡಾಡ್ ಎದುರು ಕಪೆಲೊ ಅವನನ್ನು ಮತ್ತೆ ಕಣಕ್ಕಿಳಿಸಿದರು, ಫ್ರೀಕಿಕ್‌ನಲ್ಲಿ ಗೋಲು ಬಂತು. ಜೂನ್‌ನಲ್ಲಿ ಮ್ಯಾಡ್ರಿಡ್ ಲೀಗ್ ಗೆದ್ದಿತು. ಕೋಚ್ ಬಹಿರಂಗವಾಗಿ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದು ಇಲ್ಲಿ ದೊಡ್ಡದು. ಆಟಗಾರ ಮೈಕಿನ ಮುಂದೆ ಉತ್ತರ ಕೊಡದೇ ಇದ್ದದ್ದರಿಂದ ಕಪೆಲೊಗೆ ಹಾಗೆ ಹಿಂದೆ ಸರಿಯುವುದು ಸುಲಭವಾಯಿತು.

ನಮ್ಮ ಊರಿನ ತಂಡಗಳಲ್ಲಿ ಮೈಕಿಲ್ಲ, ವಾಟ್ಸ್ಆ್ಯಪ್ ಗ್ರೂಪ್ ಇದೆ. ಪರಿಣಾಮ ಅದೇ. ತಂಡದ ಪಟ್ಟಿಯನ್ನು ಗ್ರೂಪಿಗೆ ಹಾಕುವ ಮುಂಚೆ, ಕೈಬಿಟ್ಟ ಹುಡುಗನಿಗೆ ಅಥವಾ ಹುಡುಗಿಗೆ ಎರಡು ನಿಮಿಷ ಎದುರಾಎದುರು ಹೇಳಿ. ಏನು ಹೇಳಬೇಕು? ಯಾವ ಪಂದ್ಯದಲ್ಲಿ, ಯಾವ ಹೊತ್ತಿನಲ್ಲಿ ಏನು ತಪ್ಪಿತು. ಅದರ ಬದಲು ಏನು ಬೇಕಿತ್ತು. ಅದನ್ನು ಯಾವಾಗ ಮತ್ತೆ ನೋಡುತ್ತೇನೆ. "ಇನ್ನೂ ಕಷ್ಟಪಡಬೇಕು" ಎಂದರೆ ಏನೂ ಹೇಳಿದಂತಲ್ಲ. "ಚೆಂಡು ಹೋದ ಮೇಲೆ ಮೊದಲ ಐದು ಹೆಜ್ಜೆ ಓಡುತ್ತಿಲ್ಲ, ಮುಂದಿನ ಎರಡು ವಾರದ ಅಭ್ಯಾಸ ಪಂದ್ಯಗಳಲ್ಲಿ ಅದನ್ನೇ ನೋಡುತ್ತೇನೆ" ಎಂದರೆ ಹೇಳಿದಂತೆ. ಆಟಗಾರರಿಗೂ ಒಂದು ಮಾತು: ಪಂದ್ಯದ ದಿನ ಕೇಳಬೇಡಿ, ಮರುದಿನವೂ ಬೇಡ. ಮುಂದಿನ ಅಭ್ಯಾಸದ ದಿನ ಹತ್ತು ನಿಮಿಷ ಬೇಗ ಹೋಗಿ ಕೇಳಿ. "ನನ್ನನ್ನು ಯಾಕೆ ತೆಗೆದಿರಿ" ಎಂದು ಶುರು ಮಾಡಿದರೆ ಕೋಚ್ ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಳ್ಳಲು ಹೊರಡುತ್ತಾರೆ. "ಆ ಜಾಗದಲ್ಲಿ ನಿಮಗೆ ಏನು ಬೇಕು ಸರ್" ಎಂದರೆ ಕೆಲಸದ ಮಾತು ಹೊರಬರುತ್ತದೆ. ಮಕ್ಕಳ ಪರವಾಗಿ ಅಪ್ಪ ಅಮ್ಮ ಹೋಗಿ ಕೇಳುವುದು ಹದಿನೈದು ವರ್ಷ ದಾಟಿದ ಮೇಲೆ ಒಳ್ಳೆಯದಲ್ಲ.

ಬೆಂಚಿನ ವಾರಗಳಲ್ಲಿ ಮೈಗೆ ಏನಾಗುತ್ತದೆ ಎನ್ನುವುದನ್ನು ಬಹಳ ಜನ ಗಮನಿಸುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೊಡ್ಡ ಮಟ್ಟದ ಪಂದ್ಯದಲ್ಲಿ ಬದಿಯ ಆಟಗಾರ ಹತ್ತು ಕಿಲೋಮೀಟರಿಗೂ ಹೆಚ್ಚು ಓಡುತ್ತಾನೆ. ಅದರಲ್ಲಿ ಸುಮಾರು ಒಂದು ಕಿಲೋಮೀಟರ್ ಗಂಟೆಗೆ 20 ಕಿಲೋಮೀಟರ್ ಆಸುಪಾಸಿನ ಅಥವಾ ಅದಕ್ಕೂ ಮೇಲಿನ ವೇಗದಲ್ಲಿ. ಅಭ್ಯಾಸದ ಸಣ್ಣ ಮೈದಾನದ ಆಟಗಳಲ್ಲಿ ಆ ವೇಗ ಬರುವುದೇ ಇಲ್ಲ, ಓಡಲು ಅಷ್ಟು ಜಾಗ ಇರುವುದಿಲ್ಲ. ಮೂರು ನಾಲ್ಕು ವಾರ ಪಂದ್ಯ ಆಡದವನ ತೊಡೆಯ ಹಿಂಭಾಗದ ಸ್ನಾಯು ಪೂರ್ತಿ ವೇಗವನ್ನು ಮರೆತಿರುತ್ತದೆ. 70ನೇ ನಿಮಿಷದಲ್ಲಿ ಇಳಿದು, ತೋರಿಸಿಬಿಡುತ್ತೇನೆ ಎಂದು ಮೊದಲ ಓಟದಲ್ಲೇ ಹ್ಯಾಮ್‌ಸ್ಟ್ರಿಂಗ್ ಹಿಡಿದುಕೊಂಡು ಕೂರುವುದು ಹೀಗೆಯೇ. ಇದಕ್ಕೆ ಮದ್ದು ಇದೆ. ಪಂದ್ಯ ಮುಗಿದ ಕೂಡಲೇ, ಆಡಿದವರು ಬೂಟು ಬಿಚ್ಚುವಾಗ, ಆಡದವರು ಅದೇ ಮೈದಾನದಲ್ಲಿ 60ರಿಂದ 70 ಮೀಟರಿನ ಓಟ ಆರರಿಂದ ಎಂಟು ಸಲ ಓಡಬೇಕು. ಹೋಗುವಾಗ ಓಟ, ಬರುವಾಗ ನಡಿಗೆ. ಮೊದಲ ಎರಡು ಮುಕ್ಕಾಲು ವೇಗದಲ್ಲಿ, ಕೊನೆಯ ಎರಡು ಪೂರ್ತಿಗೆ ಹತ್ತಿರ. ವಾರದ ಮಧ್ಯದಲ್ಲಿ ಒಮ್ಮೆ 30 ಮೀಟರಿನ ನಾಲ್ಕು ಓಟ ಪೂರ್ತಿ ವೇಗದಲ್ಲಿ, ನಡುವೆ ಎರಡು ನಿಮಿಷ ವಿರಾಮ. ಜೊತೆಗೆ ವಾರಕ್ಕೆ ಎರಡು ದಿನ ನಾರ್ಡಿಕ್ ವ್ಯಾಯಾಮ: ಮಂಡಿಯೂರಿ, ಜೊತೆಗಾರ ಹಿಮ್ಮಡಿ ಒತ್ತಿ ಹಿಡಿದಿರುವಾಗ ಸೊಂಟ ಬಾಗಿಸದೆ ನಿಧಾನವಾಗಿ ಮುಂದಕ್ಕೆ ಇಳಿಯುವುದು. ಐದೈದರ ಎರಡು ಸುತ್ತಿನಿಂದ ಶುರು ಮಾಡಿ. ಮೊದಲ ವಾರ ಮೈ ನೋಯುತ್ತದೆ, ಹಾಗಾಗಿ ಪಂದ್ಯದ ಹಿಂದಿನ ದಿನ ಬೇಡ.

ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ಸೇರಿಸಿಕೊಳ್ಳಿ. ಮಡಿಕೇರಿಯ ಜುಲೈ ಚಳಿಯಲ್ಲಿ ಒದ್ದೆ ಜೆರ್ಸಿ ಹಾಕಿ ಬೆಂಚಿನಲ್ಲಿ ಒಂದು ಗಂಟೆ ಕೂತವನ ಮೈ ಮರಗಟ್ಟಿರುತ್ತದೆ. ಜೆರ್ಸಿ ಒಣಗಿದ್ದು ಬ್ಯಾಗಿನಲ್ಲಿರಲಿ, ಮೇಲೆ ಜಾಕೆಟ್ ಇರಲಿ, ಹದಿನೈದು ನಿಮಿಷಕ್ಕೊಮ್ಮೆ ಎದ್ದು ಐದು ನಿಮಿಷ ಗೆರೆಯ ಹೊರಗೆ ಓಡಲಿ. ಮಳೆಯಲ್ಲಿ ವಿಂಗರ್‌ನನ್ನು ಕೈಬಿಡುವುದಕ್ಕೆ ಕೋಪವೇ ಕಾರಣ ಆಗಬೇಕಿಲ್ಲ. ಗೆರೆಯ ಪಕ್ಕದ ಪಟ್ಟಿ ನೀರು ನಿಂತು ಕೆಸರಾದರೆ ಉದ್ದಕ್ಕೆ ತಳ್ಳಿದ ಚೆಂಡು ಅಲ್ಲೇ ನಿಲ್ಲುತ್ತದೆ, ಓಡಿ ಹೋದವನು ಚೆಂಡನ್ನು ದಾಟಿ ಮುಂದಕ್ಕೆ ಜಾರುತ್ತಾನೆ. ಅಂಥ ದಿನ ಚೆಂಡನ್ನು ಎತ್ತಿ ಆಡುವ, ಮೈ ಕೊಟ್ಟು ಕಾಯುವ ಆಟಗಾರ ಬೇಕಾಗುತ್ತಾನೆ. ಕೋಚ್ ಇದನ್ನು ಒಂದು ಮಾತಿನಲ್ಲಿ ಹೇಳಿದರೆ ಹುಡುಗ ಮನೆಗೆ ಹೋಗಿ ಬೇರೇನೋ ಯೋಚಿಸುವುದು ತಪ್ಪುತ್ತದೆ. ಏಳು ಜನರ ಪಂದ್ಯಾವಳಿಗಳೂ ಹಾಗೆಯೇ. ಅಲ್ಲಿ ಅಪ್ಪಟ ವಿಂಗರ್‌ಗೆ ಜಾಗ ಕಡಿಮೆ, ಅಲ್ಲಿ ಬೆಂಚಿನಲ್ಲಿ ಕೂತದ್ದನ್ನು ಹನ್ನೊಂದರ ತಂಡಕ್ಕೆ ತಂದು ಲೆಕ್ಕ ಹಾಕಬೇಡಿ.

ಸಬ್ ಆಗಿ ಇಳಿಯುವುದನ್ನು ಕೆಲಸವೆಂದು ಕಲಿಯಬೇಕು. ಈಗ ಐದು ಬದಲಾವಣೆಗೆ ಅವಕಾಶವಿದೆ, ಆಟದ ನಡುವೆ ಮೂರು ಸಲ, ಜೊತೆಗೆ ಮಧ್ಯಂತರ. ಬೆಂಚಿನಲ್ಲಿ ಕೂತಾಗ ಎದುರಾಳಿ ಫುಲ್‌ಬ್ಯಾಕ್‌ಗಳನ್ನೇ ನೋಡುತ್ತಿರಿ. ಯಾರಿಗೆ ಹಳದಿ ಕಾರ್ಡ್ ಆಗಿದೆ, ಯಾರ ಕಾಲು ಸೋತಿದೆ, ಯಾರು ತಿರುಗುವಾಗ ತಡ ಮಾಡುತ್ತಾನೆ. ಇಳಿಯುವ ಮುನ್ನ ಕೋಚ್‌ನಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದೇ: ಕಾರ್ನರ್ ಬಂದರೆ ನಾನು ಯಾರನ್ನು ಹಿಡಿಯಬೇಕು? ಹೊರಹೋದವನು ಮಾರ್ಕ್ ಮಾಡುತ್ತಿದ್ದ ಆಟಗಾರನನ್ನು ಬಂದವನು ಹಿಡಿಯದೆ ಮೊದಲ ಕಾರ್ನರ್‌ನಲ್ಲೇ ಗೋಲು ಬಿಟ್ಟುಕೊಡುವುದು ಎಲ್ಲ ಮಟ್ಟದಲ್ಲೂ ನಡೆಯುತ್ತದೆ. ಆ ಒಂದು ಗೋಲು ಇನ್ನೂ ನಾಲ್ಕು ವಾರದ ಬೆಂಚು.

ಇಲ್ಲಿಂದ ಬೆಂಗಳೂರಿಗೆ ಹೋಗಿ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕುವ ಹುಡುಗರು ಕಾಗದದ ವಿಷಯ ತಿಳಿದಿರಲಿ. ಫಿಫಾ ನಿಯಮದ ಪ್ರಕಾರ, ನೆಲೆಯೂರಿದ (ತರಬೇತಿಯ ಅವಧಿ ಮುಗಿಸಿದ) ವೃತ್ತಿಪರ ಆಟಗಾರನನ್ನು ಇಡೀ ಸೀಸನ್‌ನಲ್ಲಿ ಕ್ಲಬ್‌ನ ಅಧಿಕೃತ ಪಂದ್ಯಗಳಲ್ಲಿ ಶೇ. 10ಕ್ಕಿಂತ ಕಡಿಮೆ ಆಡಿಸಿದ್ದರೆ, ಅವನು ಸಕಾರಣವಾಗಿ ಒಪ್ಪಂದ ಮುರಿಯಬಹುದು. ಅದನ್ನು ಸೀಸನ್‌ನ ಕೊನೆಯ ಅಧಿಕೃತ ಪಂದ್ಯ ಮುಗಿದ 15 ದಿನದೊಳಗೇ ಮಾಡಬೇಕು, ಹದಿನಾರನೇ ದಿನ ಆಗದು. ಕ್ಲಬ್ ಎರಡು ತಿಂಗಳ ಸಂಬಳವನ್ನು ಕಾನೂನುಬಾಹಿರವಾಗಿ ಬಾಕಿ ಉಳಿಸಿಕೊಂಡರೆ, ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಕಾದು ಹೊರಬರಬಹುದು. ಆಟಗಾರ ತಾನೇ ಬಿಟ್ಟು ಹೋಗಲಿ ಎಂದು ಕಿರುಕುಳ ಕೊಡುವುದೂ ಆ ನಿಯಮಗಳಲ್ಲಿ ಒಪ್ಪಂದ ಮುರಿಯಲು ಸಕಾರಣವೇ. ಹಾಗಾಗಿ ಬೇರೆಯಾಗಿ ಅಭ್ಯಾಸ ಮಾಡು ಎಂದರೆ ಜಗಳವಾಡಿ ಮನೆಗೆ ಬರಬೇಡಿ. ಹೇಳಿದ ಹೊತ್ತಿಗೆ ಹೋಗಿ, ಹೋದದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ಬಿಟ್ಟು ಬಂದರೆ ಒಪ್ಪಂದ ಮುರಿದವರು ನೀವೇ ಆಗುತ್ತೀರಿ.

ಕಡೆಯದಾಗಿ, ಜಾಗ ಬದಲಿಸಿಕೊಳ್ಳುವ ದಾರಿ. ವಿಕ್ಟರ್ ಮೋಸಸ್ ಚೆಲ್ಸಿಯ ವಿಂಗರ್. ಮೂರು ಸೀಸನ್ ಅವನನ್ನು ಲಿವರ್‌ಪೂಲ್, ಸ್ಟೋಕ್, ವೆಸ್ಟ್‌ಹ್ಯಾಮ್ ಎಂದು ಲೋನ್ ಮೇಲೆ ಕಳಿಸುತ್ತಲೇ ಇದ್ದರು. 2016ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಎದುರು 3-0 ಸೋತ ಮೇಲೆ ಆಂಟೊನಿಯೊ ಕಾಂಟೆ 3-4-3ಕ್ಕೆ ಬದಲಾಗಿ ಮೋಸಸ್‌ನನ್ನು ಬಲ ವಿಂಗ್‌ಬ್ಯಾಕ್ ಮಾಡಿದರು. ಚೆಲ್ಸಿ ಲೀಗ್‌ನಲ್ಲಿ ಸತತ 13 ಪಂದ್ಯ ಗೆದ್ದಿತು, ಪ್ರಶಸ್ತಿಯೂ ಬಂತು. ಮ್ಯಾಂಚೆಸ್ಟರ್ ಯುನೈಟೆಡ್‌ನ ಆಂಟೊನಿಯೊ ವಲೆನ್ಸಿಯಾ, ಆಶ್ಲಿ ಯಂಗ್ ಕೂಡ ವಿಂಗರ್ ಆಗಿ ಬಂದು ಫುಲ್‌ಬ್ಯಾಕ್ ಆದವರು.

ನಿಮ್ಮ ತಂಡದಲ್ಲಿ ಇದನ್ನು ಮಾಡುವುದಾದರೆ ಒಂದೇ ಪಂದ್ಯದಲ್ಲಿ ಮಾಡಬೇಡಿ. ಮೊದಲ ಎರಡು ವಾರ ಒಬ್ಬರಿಗೆ ಒಬ್ಬರು ಕಲಿಸಿ: ಗೆರೆಯಿಂದ ಹತ್ತು ಮೀಟರ್ ಒಳಗಿನ ಪಟ್ಟಿಯಲ್ಲಿ, ಎದುರಾಳಿಯಿಂದ ಒಂದೂವರೆ ಮೀಟರ್ ದೂರದಲ್ಲಿ, ಪಕ್ಕವಾಟಾಗಿ ನಿಂತು ಅವನನ್ನು ಗೆರೆಯ ಕಡೆಗೆ ತಳ್ಳಬೇಕು. ವಿಂಗರ್‌ಗಳು ಮಾಡುವ ತಪ್ಪು ಚೆಂಡಿಗೆ ಕಾಲು ಚಾಚುವುದು, ಅದನ್ನು ಅಲ್ಲೇ ನಿಲ್ಲಿಸಿ ಮತ್ತೆ ಮಾಡಿಸಿ. ಮೂರನೇ ವಾರ ಎದುರು ಬದಿಯಿಂದ ಕ್ರಾಸ್ ಹಾಕಿಸಿ. ವಿಂಗರ್ ಆಗಿದ್ದವನು ಅಭ್ಯಾಸ ಬಲದಿಂದ ಚೆಂಡನ್ನೇ ನೋಡುತ್ತಾ ನಿಲ್ಲುತ್ತಾನೆ, ಅವನ ಬೆನ್ನ ಹಿಂದೆ ದೂರದ ಪೋಸ್ಟ್‌ಗೆ ಎದುರಾಳಿ ನುಗ್ಗಿರುತ್ತಾನೆ. ಕ್ರಾಸ್ ಹಾಕುವವನು ತಲೆ ತಗ್ಗಿಸಿದ ಕ್ಷಣದಲ್ಲಿ ಒಮ್ಮೆ ಹಿಂದಕ್ಕೆ ಕಣ್ಣು ಹಾಯಿಸಿ, ಬರುವವನ ಮೈಗೆ ತನ್ನ ತೋಳು ತಾಗುವಷ್ಟು ಹತ್ತಿರ ಹೋಗಿ ನಿಲ್ಲುವುದನ್ನು ಕಲಿಸಿ. ಒಂದು ಅಭ್ಯಾಸಕ್ಕೆ ಇಪ್ಪತ್ತು ಕ್ರಾಸ್ ಸಾಕು, ಆಮೇಲೆ ಗಮನ ಚದುರುತ್ತದೆ.